ಒಟ್ಸಾಲೆಪೊ ಏರಿನಲ್ಲಿ ನಾನು ತಳ್ಳಿದ್ದು ಯಾರ ಬೆನ್ನು?

ಸೈಕಲ್ ಪಂದ್ಯದ ತೀರ್ಪುಗಾರರ ಮಂಡಳಿಯ ಅಧ್ಯಕ್ಷರಿಗೆ,

ಮಂಜಿನಲ್ಲೂ ಸಕಲವನ್ನೂ ಕಾಣಬಲ್ಲ ಮಾನ್ಯರೇ,

ನಿನ್ನೆ ತಾವು ಕೆಪಾ ಲಿಸಾರಿಬಾರ್ ಎಂಬ ಸವಾರನನ್ನು ಪಂದ್ಯದಿಂದ ಹೊರಹಾಕಿದಿರಿ. 'ಏರುದಾರಿಯಲ್ಲಿ ಪ್ರೇಕ್ಷಕರಿಂದ ತಳ್ಳಿಸಿಕೊಂಡು ಅನುಚಿತ ನೆರವು ಪಡೆದದ್ದು' ಎಂದು ಕಾರಣ ಬರೆದಿರಿ. ಆ ಪ್ರೇಕ್ಷಕ ನಾನು. ನಾನು ತಳ್ಳಿದ್ದು ಕೆಪಾನನ್ನಲ್ಲ.

ಇದನ್ನು ಹೇಳಲು ನಾನು ಯಾರು ಎಂದು ತಾವು ಕೇಳಬಹುದು. ಒಂದು ಕಾವಲಿ, ಒಂದು ಬುಟ್ಟಿ ಬ್ರೆಡ್ಡಿನಿಂದ ಶುರುಮಾಡಿ, ಇಪ್ಪತ್ತಾರು ವರ್ಷಗಳಿಂದ ಒಟ್ಸಾಲೆಪೊದ ಕೊನೆಯ ತಿರುವಿನಲ್ಲಿ ಬಿಸಿ ಸಾಸೇಜು ಮಾರುತ್ತಿರುವವನು. ಯಾರು ಎಷ್ಟು ಹೊತ್ತಿಗೆ, ಎಷ್ಟನೆಯವರಾಗಿ ದಾಟಿದರು ಎಂದು ಪ್ರತಿ ವರ್ಷ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಈ ಬೆಟ್ಟನಾಡಿನ ಜನ, ನಾವು ಬಾಸ್ಕರು, ಮೊದಲಿಗನಿಗೆ ಹೊಡೆದಷ್ಟೇ ಚಪ್ಪಾಳೆ ಕೊನೆಯವನಿಗೂ ಹೊಡೆಯುತ್ತೇವೆ. ತೀರಾ ಸೋತವನಿಗೆ ಬೆನ್ನಿಗೆ ಕೈಯನ್ನೂ ಕೊಡುತ್ತೇವೆ. ನಿಯಮಕ್ಕೆ ವಿರುದ್ಧ, ಗೊತ್ತು. ಬೆನ್ನಿಗೆ ನಿಲ್ಲುವುದೆಂದರೆ ನಮ್ಮಲ್ಲಿ ಬರೀ ಮಾತಲ್ಲ, ಏನು ಮಾಡೋಣ?

ನಿನ್ನೆಯ ಮಂಜಿನಲ್ಲಿ ಸಾಸೇಜು ಬೆಂದಿದೆಯೋ ಇಲ್ಲವೋ ಎಂದು ಮೂಸಿಯೇ ತಿಳಿಯಬೇಕಿತ್ತು. ನಮಗೆಲ್ಲ ಒಂದೇ ಚಿಂತೆ, ಕೆಪಾ. ಹದಿನಾಲ್ಕು ವರ್ಷ ತಂಡದ ದೊಡ್ಡವರಿಗೆ ನೀರಿನ ಬಾಟಲಿ ಹೊತ್ತು, ಒಂದು ದಿನವೂ ಗೆಲ್ಲದವನು. ಇದು ಅವನ ಕಡೆಯ ಪಂದ್ಯ. ಅದರ ಕೊನೆಯ ದಿನದ ದಾರಿ ಅವನ ಮನೆಯ ಬಾಗಿಲ ಮುಂದೆಯೇ ಹಾದುಹೋಗುತ್ತದೆ. ನಿನ್ನೆಯ ಕಾಲಮಿತಿ ಮೀರಿದರೆ ಮರುದಿನದ ಸವಾರಿಗೆ ಬಿಡುವುದಿಲ್ಲ, ಅಲ್ಲಿಯವರೆಗೆ ಅವನು ಬರುವಂತಿಲ್ಲ. ಅಷ್ಟರಲ್ಲಿ ಅವನ ತಂಡದ ಕಪ್ಪು ಮಳೆ ಅಂಗಿ ತೊಟ್ಟ ಒಬ್ಬ ಓಲಾಡುತ್ತ ಬಂದ. ಯಾರೋ 'ಕೆಪಾ' ಎಂದರು. ಇನ್ನೂರು ಗಂಟಲು 'ಕೆಪಾ' ಎಂದವು. ನಾನು ಎರಡೂ ಅಂಗೈಯನ್ನು ಅವನ ಬೆನ್ನಿಗೆ ಕೊಟ್ಟು ಮೂವತ್ತೊಂದು ಹೆಜ್ಜೆ ಓಡಿದೆ.

ಏದುಸಿರು ಬಿಡುತ್ತ ಗಾಡಿಗೆ ಮರಳಿದರೆ ನನ್ನ ಹೆಂಡತಿ ಹೋಸುನೆ ಇಕ್ಕಳ ಕೆಳಗಿಡದೆ ಕೇಳಿದಳು, "ಯಾರನ್ರೀ ತಳ್ಕೊಂಡು ಹೋದ್ರಿ?"

ಕೆಪಾನನ್ನು ಎಂದೆ.

"ಕೆಪಾ ಆಗ್ಲೇ ಹೋದ. 'ಅಕ್ಕಾ, ಪೇಪರ್ ಇದ್ಯಾ' ಅಂದ. ಇಳಿಜಾರಲ್ಲಿ ಎದೆಗೆ ಗಾಳಿ ಹೊಡೀಬಾರ್ದು ಅಂತ ಅಂಗಿಯೊಳ್ಗೆ ಸಿಕ್ಕಿಸ್ಕೋತಾರಲ್ಲ, ಕೊಟ್ಟೆ. ನೀವಿನ್ನೂ ಓದಿರ್ಲಿಲ್ಲ, ಅದೇ."

ನೋಟ್‌ಬುಕ್ಕಿನಲ್ಲಿ ಅವಳ ಕೈಬರಹದಲ್ಲಿ ಅವನ ಸಂಖ್ಯೆ ಇತ್ತು, ಆರು ನಿಮಿಷ ಹಿಂದಿನದು.

ಮೋಟರ್‌ಬೈಕಿನಲ್ಲಿದ್ದ ತಮ್ಮ ತೀರ್ಪುಗಾರರು ಸವಾರನ ಬೆನ್ನಿನ ಸಂಖ್ಯೆ ನೋಡಲಿಲ್ಲವೇ? ನೋಡುವುದು ಹೇಗೆ, ಅದರ ಮೇಲೆ ನನ್ನ ಅಂಗೈಗಳಿದ್ದವು. ಕಿವಿಗೆ ಬಿದ್ದ ಹೆಸರನ್ನೇ ಬರೆದುಕೊಂಡರು. ನಾಳೆ ನಾವು ತಮ್ಮ ಹೆಸರು ಕೂಗುತ್ತ ಒಂದು ಕತ್ತೆಯನ್ನು ತಳ್ಳಿದರೆ ತಾವು ರಾಜೀನಾಮೆ ಕೊಡುತ್ತೀರಾ?

ಸಂಜೆ ಕೆಪಾ ಇಳಿದಿದ್ದ ಹೋಟೆಲಿಗೆ ಹೋದೆ. ಚೀಲ ಕಟ್ಟುತ್ತಿದ್ದ. ತಮ್ಮೆದುರು ಯಾಕೆ ತುಟಿ ಬಿಚ್ಚಲಿಲ್ಲ ಎಂದು ಕೇಳಿದೆ.

"ನಾನಲ್ಲ ಅಂದ್ರೆ, ಮತ್ಯಾರು ಅಂತಾರಣ್ಣ. ನೀವು ತಳ್ಳಿದೋನಿಗೆ ಮುಂದಿನ ವರ್ಷದ ಕರಾರು ಇನ್ನೂ ಆಗಿಲ್ಲ. ನಂಗೆ ಮುಂದಿನ ವರ್ಷಾನೇ ಇಲ್ಲ."

ಬಾಗಿಲವರೆಗೆ ಬಂದು ಇನ್ನೊಂದು ಮಾತು ಹೇಳಿದ. "ಹದಿನಾಲ್ಕು ವರ್ಷ ನಿಮ್ ಗಾಡಿ ಮುಂದೇನೇ ಹತ್ತಿದೀನಿ. ಗುರ್ತು ಸಿಗ್ಲಿಲ್ವಾ?"

ಮಾನ್ಯರೇ, ರಾತ್ರಿ ನೋಟ್‌ಬುಕ್ಕಿನ ಹದಿನಾಲ್ಕು ವರ್ಷದ ಪುಟಗಳನ್ನು ತಿರುವಿದೆ. ಅವನು ದಾಟಿದ ಹೊತ್ತು, ಅವನ ಸ್ಥಾನ ಎಲ್ಲ ಇವೆ, ಮುಖ ಎಲ್ಲೂ ಇಲ್ಲ.

ತಳ್ಳಿಸಿಕೊಂಡವನು ಯಾರೆಂದು ನಾನೂ ಹೇಳುವುದಿಲ್ಲ. ಪಾಪ, ಅವನು ಬೇಡ ಬೇಡವೆಂದು ತಲೆಯಾಡಿಸುತ್ತಲೇ ಇದ್ದ; ನಾನು ಅದನ್ನು ದಣಿವು ಎಂದುಕೊಂಡೆ. ಅಪರಾಧಿ ಬೇಕೇ ಬೇಕೆಂದಿದ್ದರೆ ನಾನಿದ್ದೇನೆ. ಒಟ್ಸಾಲೆಪೊದ ತಿರುವನ್ನು ನನಗೆ ಆಜೀವ ನಿಷೇಧಿಸಿ, ಗಾಡಿಯನ್ನು ಬೇರೆ ಕಡೆ ಹೂಡುತ್ತೇನೆ. ಆದರೆ ಇಂದು ಮಧ್ಯಾಹ್ನ ಒಂದು ಗಂಟೆಗೆ ಕೊನೆಯ ದಿನದ ಸವಾರಿ ಹೊರಡುವ ಮೊದಲು ಆದೇಶವನ್ನು ಹಿಂಪಡೆದು ಕೆಪಾನ ಸಂಖ್ಯೆಯನ್ನು ಅವನಿಗೆ ಮರಳಿಸಿ. ಅವನು ಕೊನೆಯವನಾಗಿಯೇ ಬರಲಿ. ಅವನ ಮನೆಯ ಎದುರು ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ನಿಂತಿರುತ್ತೇನೆ. ಈ ಸಲ ಮುಖ ನೋಡುತ್ತೇನೆ.

ಇಂತಿ,
ತಪ್ಪು ಬೆನ್ನಿಗೆ ನಿಂತ
ಇನಾಶಿಯೊ ಎಚೆಬೆಸ್ಟೆ