ಬೆಟ್ಟ ಹತ್ತದ ದಾರಿ

ಭಾವಾ,

ಇತ್ತ ನಾವು ಕ್ಷೇಮವೇನಲ್ಲ, ಜಗಳದಲ್ಲಿದ್ದೇವೆ. ಅತ್ತಲಿಂದ ಕಾಗದ ಬರುವ ಏರ್ಪಾಡು ಇಲ್ಲವಾದ್ದರಿಂದ ಎರಡೂ ಕಡೆಯ ಮಾತನ್ನು ನಾನೇ ಆಡಿಬಿಡುತ್ತೇನೆ. ನನಗೇನು ಅದು ಹೊಸದಲ್ಲ. ನೀವು ಹೋಗಿ ಐದು ತಿಂಗಳಾಯಿತು. ಭಾವ ಇಲ್ಲದ ಮನೆಯಲ್ಲಿ ಉಳಿದದ್ದು ಅಭಾವ ಮಾತ್ರ ಎಂದು ಮೊನ್ನೆ ಅಕ್ಕನ ಮುಂದೆ ಅಂದೆ. ಅವಳು ನಗಲಿಲ್ಲ. ನೀವಿದ್ದಿದ್ದರೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ನಳಿನಿ, ನಿನ್ನ ಕಾಲೇಜಿನ ಮಕ್ಕಳೂ ಇದನ್ನೆಲ್ಲ ಸಹಿಸ್ಕೋತಾವಾ?" ಎನ್ನುತ್ತಿದ್ದಿರಿ. ನಾದಿನಿಯ ಇಂಥ ಮಾತಿಗೆ ಭಾವನಲ್ಲದೆ ಇನ್ಯಾರು ಬೈಯಬೇಕು, ಹೇಳಿ?

ಆ ಜೋಡಿ ಸೈಕಲ್ಲು ನೈರೋಬಿಯ ನಮ್ಮ ಸೌತ್ ಬಿ ಮನೆಯ ಗೇಟಿನೊಳಗೆ ಬಂದ ದಿನ ನೆನಪಿದೆಯೇ? ರಿವರ್‌ಸೈಡ್ ಬಡಾವಣೆಯ ಯಾರೋ ದೂತಾವಾಸದವರು ಊರು ಬಿಡುವಾಗ ಬಿಟ್ಟುಹೋದದ್ದು. ಎರಡು ಸೀಟು, ಎರಡು ಜೊತೆ ಪೆಡಲು, ಒಂದೇ ಬೆಲ್ಲು. ಅರವತ್ತೆಂಟರ ನೀವು ಮುಂದೆ; ಹುಟ್ಟಿದಾಗಿನಿಂದ ಸೈಕಲ್ ಮುಟ್ಟದ ಅಕ್ಕ, ಮಗಳು ಅನುವಿನ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಹಿಂದೆ. ಗೇಟು ದಾಟಿ ಹತ್ತು ಮಾರು ಹೋಗಿರಲಿಲ್ಲ, ಮಟಾಟು ವ್ಯಾನಿನ ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರು, "ಮ್ಜೀ! ಯಜಮಾನರೇ! ಇದು ಯಾವ ರೂಟಿನ ಮಟಾಟು?" ಎಂದು ಸ್ವಾಹಿಲಿಯಲ್ಲಿ ಕೂಗಿದ. "ಫ್ರಾನ್ಸ್!" ಎಂದು ನೀವೂ ಅಷ್ಟೇ ಜೋರಾಗಿ ಕೂಗಿದಿರಿ. "ಹಿಂದೆ ಇರೋದು ಪ್ಯಾಸೆಂಜರ್ ಅಲ್ಲ ಕಣಪ್ಪಾ, ಲಗೇಜು!" ಅಲ್ಲಿಂದ ಮುಂದೆ ಯಾರ ಮನೆಗೆ ಊಟಕ್ಕೆ ಹೋದರೂ, ನಮ್ಮಲ್ಲಿಗೆ ಯಾರು ಬಂದರೂ ನಿಮ್ಮದು ಅದೇ ಮಾತು. ವನಜ ತುಳಿಯೋದಿಲ್ಲ, ಸುಮ್ಮನೆ ಕೂತಿರ್ತಾಳೆ, ಅಕ್ಕಿ ಮೂಟೆ ಇದ್ದ ಹಾಗೆ. ಅಕ್ಕ ಸಾರು ಬಡಿಸುತ್ತಾ ಸುಮ್ಮನಿರುತ್ತಿದ್ದಳು. ಆ ಸುಮ್ಮನಿರುವಿಕೆಯ ಬಗ್ಗೆ ಆಮೇಲೆ ಹೇಳುತ್ತೇನೆ. ಅದರಲ್ಲೇ ಇದೆ ಎಲ್ಲ.

ಊಟದ ಮೇಜಿನ ಮೇಲೆ ನೀವು ಫ್ರಾನ್ಸಿನ ನಕ್ಷೆ ಹಾಸಿದ ಭಾನುವಾರ ಕಣ್ಣಿಗೆ ಕಟ್ಟಿದ ಹಾಗಿದೆ. ಗಾಳಿಗೆ ಹಾರದಿರಲೆಂದು ಪ್ಯಾರಿಸಿನ ಮೇಲೆ ಚಟ್ನಿ ಬಟ್ಟಲು ಇಟ್ಟಿರಿ. ನೈರೋಬಿಯ ಮಕ್ಕಳಿಗೆ ಮೂವತ್ತೈದು ವರ್ಷ ಭೂಗೋಳ ಕಲಿಸಿದ ಬೆರಳು ಬರ್ಗಂಡಿಯ ದ್ರಾಕ್ಷಿ ತೋಟಗಳ ಮೇಲೆ ಮೆಲ್ಲಗೆ ನಡೆಯಿತು.

"ಇಲ್ನೋಡು ನಳಿನಿ, ಇದು ಹಳೇ ರೈಲು ದಾರಿ. ರೈಲು ನಿಂತು ಎಷ್ಟೋ ವರ್ಷ ಆಯ್ತು. ಹಳಿ ಕಿತ್ತು, ಟಾರ್ ಹಾಕಿ, ಸೈಕಲ್‌ಗೆ ಬಿಟ್ಟಿದಾರೆ. ಕಾರಿಲ್ಲ, ಲಾರಿ ಇಲ್ಲ, ಬೋಡಾಬೋಡಾ ಬೈಕಿಲ್ಲ. ಹಾರನ್ ಅನ್ನೋದೇ ಇಲ್ಲ."

"ಮತ್ತೆ ಎದುರಿಗೆ ಏನು ಬರತ್ತೆ?"

"ಬಿಳೀ ಹಸು. ಅದೂ ಬೇಲಿ ಆಚೆ. ರೈಲಿಗೆ ಏರು ಆಗಿಬರೋದಿಲ್ಲ ನೋಡು, ಅದಕ್ಕೇ ದಾರಿ ಪೂರ್ತಿ ದೋಸೆ ಕಾವಲಿ ಹಾಗೆ ಸಪಾಟು."

ಮುಂದೆ ಕಾಲುವೆ ದಂಡೆ, ಎರಡೂ ಕಡೆ ಸಾಲುಮರ. ನಡುವೆ ಹಳೆಯ ಸ್ಟೇಷನ್ ಮಾಸ್ಟರನ ಮನೆಯಲ್ಲಿ ಒಬ್ಬ ಹೆಂಗಸು ಬಾಡಿಗೆಗೆ ಕೋಣೆ ಕೊಡುತ್ತಾಳೆ, ಬೆಳಗ್ಗೆ ಕಾಫಿಯನ್ನು ಬಟ್ಟಲಲ್ಲಿ ಕೊಡುತ್ತಾಳಂತೆ. "ಲೋಟದಲ್ಲಲ್ಲವಾ?" ಎಂದು ಅಕ್ಕ ಗಾಬರಿಯಾದಳು. ಆದರೆ ನಿಮಗೆ ಎಲ್ಲಕ್ಕಿಂತ ಇಷ್ಟವಾದದ್ದು ಆ ಸುರಂಗ. ಒಂದೇ ಒಂದು ಬೆಟ್ಟ ಅಡ್ಡ ಬಂದಲ್ಲಿ ರೈಲಿಗಾಗಿ ಕೊರೆದದ್ದು, ಒಂದೂವರೆ ಕಿಲೋಮೀಟರು ಉದ್ದ. ಚಳಿಗಾಲದಲ್ಲಿ ಅದರೊಳಗೆ ಬಾವಲಿಗಳು ಮಲಗುತ್ತವೆ ಎಂದು ಬೀಗ ಹಾಕುತ್ತಾರೆ! "ಬಾವಲಿ ನಿದ್ದೆ ಕೆಡಬಾರ್ದು ಅಂತ ರಸ್ತೆ ಮುಚ್ಚೋ ದೇಶ ಕಣೇ ಅದು. ಇಲ್ಲಿ ನಮ್ಮ ನಿದ್ದೆಗೆ ಯಾರು ಏನು ಮುಚ್ತಾರೆ?" ಎಂದಿರಿ. ಅಷ್ಟರಲ್ಲಿ ಹೊರಗೆ ಮಟಾಟು ಹಾರನ್ ಹೊಡೆಯಿತು. ನಾವು ಮೂವರೂ ಎಷ್ಟು ನಕ್ಕೆವು, ಅಲ್ಲವೇ?

ನವೆಂಬರಿನ ಆ ಬೆಳಗ್ಗೆ ನೀವು ಪೇಪರು ಓದುತ್ತಾ ಕುರ್ಚಿಯಲ್ಲೇ... ಬೇಡ. ನಿಮಗೆ ಗೊತ್ತಿರುವುದನ್ನು ನಿಮಗೇ ಏಕೆ ಬರೆಯಲಿ. ಹದಿಮೂರು ದಿನ ಆದ ಮೇಲೆ ಮೈಸೂರಿನಿಂದ ನಿಮ್ಮ ಅಕ್ಕ ಲಲಿತಮ್ಮನವರು ಫೋನು ಮಾಡಿದರು. ವಿಡಿಯೋದಲ್ಲಿ ಅರ್ಧ ಹಣೆ, ಪೂರ್ತಿ ಸೀಲಿಂಗ್ ಫ್ಯಾನು.

"ವನಜಾ, ಆ ಫ್ರಾನ್ಸಿಗೆ ಹೋಗೋ ಟಿಕೆಟ್ಟೆಲ್ಲ ಕ್ಯಾನ್ಸಲ್ ಮಾಡ್ಸು. ವರ್ಷ ತುಂಬೋವರೆಗೆ ಬೆಟ್ಟ ಹತ್ತೋ ಹಾಗಿಲ್ಲ, ಗೊತ್ತಲ್ಲ? ಸಮುದ್ರ ದಾಟೋ ಹಾಗೂ ಇಲ್ಲ."

ನಾನು ಸುಮ್ಮನಿರಬೇಕಿತ್ತು. "ಲಲಿತಮ್ಮನವರೇ, ಅಕ್ಕ ಸಮುದ್ರ ದಾಟಿ ಮೂವತ್ತಾರು ವರ್ಷ ಆಯ್ತು. ಇನ್ನು ದಾಟಿದರೆ ಮೈಸೂರಿಗೇ ಬರಬೇಕು" ಎಂದೆ. ಮೆಡಿಟರೇನಿಯನ್ ಮರೆತೆಯಾ ಎಂದು ನೀವು ಅಲ್ಲಿಂದಲೇ ತಿದ್ದುತ್ತಿದ್ದೀರಿ, ಗೊತ್ತು. ಲಲಿತಮ್ಮನವರಿಗೂ ಭೂಗೋಳ ಅಷ್ಟು ಗೊತ್ತಿರಲಿಲ್ಲವಾದ್ದರಿಂದ ಬಚಾವಾದೆ.

ಎರಡು ತಿಂಗಳು ಆ ನಕ್ಷೆ ಮಡಚಿಕೊಂಡು ಫ್ರಿಜ್ಜಿನ ಮೇಲೆ ಬಿದ್ದಿತ್ತು. ಸ್ಟೇಷನ್ ಮನೆಯ ಆ ಹೆಂಗಸು, ಮಾನ್ಯರೂ ಮಾನ್ಯೆಯೂ ಯಾವಾಗ ಬರುತ್ತೀರಿ ಎಂದು ಕೇಳಿ ಕಾಗದ ಕಳಿಸಿದಳು. ಅಕ್ಕ ಅದನ್ನು ಓದಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಕೂತಳು. ಆಮೇಲೆ ಎದ್ದು ನಕ್ಷೆ ತಂದು ಮೇಜಿನ ಮೇಲೆ ಹಾಸಿ, ಪ್ಯಾರಿಸಿನ ಮೇಲೆ ಖಾಲಿ ಬಟ್ಟಲು ಇಟ್ಟಳು.

"ನಳಿನಿ, ಅತ್ತಿಗೆ ಹೇಳಿದ್ದು ಬೆಟ್ಟ ಹತ್ತಬಾರ್ದು ಅಂತ ತಾನೆ?"

"ಹೌದು."

"ನಿನ್ನ ಭಾವನಿಗೋಸ್ಕರ ನಾನು ಬೆಟ್ಟ ಹತ್ತಲ್ಲ. ವರ್ಷ ಪೂರ್ತಿ ಹತ್ತಲ್ಲ. ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಈ ದಾರೀಲಿ ಬೆಟ್ಟ ಎಲ್ಲಿದೆ, ತೋರ್ಸು ನೋಡೋಣ?"

ಭಾವಾ, ನಿಮ್ಮ ಹೆಂಡತಿ ವಕೀಲಿ ಓದಬೇಕಿತ್ತು. ನಾನು ಹುಡುಕಿದೆ, ನಿಜವಾಗಿಯೂ ಹುಡುಕಿದೆ. ರೈಲಿಗೆ ಆಗಿಬರದ ಏರು ವಿಧವೆಗೂ ಇಲ್ಲ. ಇದ್ದ ಒಂದು ಬೆಟ್ಟದ ಹೊಟ್ಟೆಯೊಳಗೇ ದಾರಿ. ಆಚಾರ ಕೆಡದ ಹಾಗೆ ದುಃಖಿಸುವುದಕ್ಕೆ ಫ್ರೆಂಚರು ಎಂದೋ ಸುರಂಗ ಕೊರೆದು ಇಟ್ಟಿದ್ದಾರೆ!

ಅನು ಒಪ್ಪಲಿಲ್ಲ. ಕಿಲಿಮಾನಿಯ ಅವಳ ಅಪಾರ್ಟ್‌ಮೆಂಟಿಗೆ ನಾವಿಬ್ಬರೂ ಹೋಗಿ ಹೇಳಿದಾಗ ಅವಳು ನನ್ನ ಮೇಲೇ ಹರಿಹಾಯ್ದಳು. "ಚಿಕ್ಕಮ್ಮಾ, ಡೋಂಟ್ ಎನ್ಕರೇಜ್ ಹರ್. ಐ ಜಸ್ಟ್ ಲಾಸ್ಟ್ ಒನ್ ಪೇರೆಂಟ್." ಅಕ್ಕ ಅವಳ ತಲೆ ಸವರಿ ಕನ್ನಡದಲ್ಲಿ ಹೇಳಿದಳು: "ಅದಕ್ಕೇ ಕಣೇ ಕಾರಿಲ್ಲದ ರಸ್ತೆಗೆ ಹೋಗ್ತಿರೋದು. ಇಲ್ಲಿ ಹಾಲು ತರೋಕೆ ರಸ್ತೆ ದಾಟೋದು ಅದಕ್ಕಿಂತ ಡೇಂಜರ್ರು." ಅನು ಕಣ್ಣೊರೆಸಿಕೊಂಡು, ಹೋಗಲೇಬೇಕೆಂದರೆ ಮಾರ್ಚಿನಲ್ಲಿ ಹೋಗೋಣ, ತನಗೆ ರಜ ಇದೆ, ತಾನೂ ಬರುತ್ತೇನೆ ಎಂದಳು. ನನಗೆ ಸರಿ ಎನಿಸಿತು. ಅಕ್ಕ ತಲೆಯಾಡಿಸಿದಳು. "ಮಾರ್ಚಲ್ಲಿ ಬಾವಲಿ ಇನ್ನೂ ಎದ್ದಿರಲ್ಲ. ಸುರಂಗ ಮುಚ್ಚಿರತ್ತೆ. ಸುತ್ತು ದಾರಿ ಬೆಟ್ಟದ ಮೇಲಿಂದ. ಆಗಲ್ಲ." ಮಗಳ ಜೊತೆಯನ್ನೂ ಬಿಟ್ಟಳು, ಮಾತು ಬಿಡಲಿಲ್ಲ. ಇಂಥವಳನ್ನು ಆಚಾರಗೆಟ್ಟವಳು ಎನ್ನುವವರಿಗೆ ಏನು ಹೇಳೋಣ?

ಅನ್ನುವವರು ಅಂದರು. ವಿಷಯ ಮೈಸೂರು ಮುಟ್ಟಿತು, ಲಲಿತಮ್ಮನವರ ಹಣೆ ಮತ್ತೆ ಕಾಣಿಸಿಕೊಂಡಿತು. ಗಂಡ ಸತ್ತು ಆರು ತಿಂಗಳಾಗಿಲ್ಲ, ಪ್ಯಾಂಟ್ ಹಾಕ್ಕೊಂಡು ಸೈಕಲ್ ಸವಾರಿ. ಅಕ್ಕತಂಗಿ ಇಬ್ಬರೂ ಹಳಿ ತಪ್ಪಿದ್ದೀರಿ ಎಂದರು. ತಪ್ಪುವುದಕ್ಕೆ ಅಲ್ಲಿ ಹಳಿಯೇ ಇಲ್ಲ, ಕಿತ್ತು ಎಷ್ಟೋ ವರ್ಷವಾಯಿತು ಎಂದು ನನ್ನ ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರು ಕೊನೆಯ ಮಾತು ಆಡಿದರು: "ಹೋಗೋದಾದ್ರೆ ಹೋಗು. ವರ್ಷಾಂತಿಕಕ್ಕೆ ನನ್ನ ಮನೆ ಹೊಸಿಲು ತುಳೀಬೇಡ."

ನಿಮ್ಮ ವರ್ಷಾಂತಿಕ, ಲಲಿತಮ್ಮನವರು ಈಗ ಇರುವ ನಿಮ್ಮ ತಂದೆಯ ಮನೆಯಲ್ಲಿ ಆಗಬೇಕೆಂಬುದು ಅವಳಿಗೆ ಎಷ್ಟು ಮುಖ್ಯ ಎಂದು ನಿಮಗೆ ಗೊತ್ತು. ಈ ನಿರ್ಧಾರದಿಂದ ಅವಳು ಕಳೆದುಕೊಳ್ಳುವುದು ಅದನ್ನೇ. ನಾನು ಫೋನು ಕಸಿಯಲು ಹೋದೆ. ಅವಳು ಕೊಡಲಿಲ್ಲ.

"ಆಗ್ಲಿ ಅತ್ತಿಗೆ," ಎಂದಳು. "ಹೊಸಿಲು ತುಳಿಯಲ್ಲ. ಪೆಡಲು ತುಳೀತೀನಿ. ವರ್ಷಾಂತಿಕ ಸೌತ್ ಬಿಯಲ್ಲೇ ಮಾಡ್ತೀವಿ. ನೀವೇ ಸಮುದ್ರ ದಾಟಿ ಬನ್ನಿ."

ನನ್ನ ಆಣೆ, ಇದು ನಾನು ಹೇಳಿಕೊಟ್ಟದ್ದಲ್ಲ.

ಕರೂರಾ ಕಾಡಿನ ಮೊದಲ ಅಭ್ಯಾಸದ ದಿನ ನೀವು ನೋಡಬೇಕಿತ್ತು. ನೋಡದಿದ್ದದ್ದೇ ಒಳ್ಳೆಯದಾಯಿತೇನೋ. ನಿಮ್ಮ ಸೈಕಲ್ ರಿಪೇರಿಯ ಫುಂಡಿ ಮುಟಿಸೊ ತನ್ನ ಪಿಕಪ್ಪಿನಲ್ಲಿ ಜೋಡಿ ಸೈಕಲ್ಲು ಹಾಕಿಕೊಂಡು ಬಂದ. ಚೈನಿಗೆ ಎಣ್ಣೆ ಬಿಟ್ಟು, "ಮ್ವಾಲಿಮು ಇಲ್ಲದೆ ಇದು ಅಳ್ತಿತ್ತು" ಎಂದ. ಅವನಿಗೆ ನೀವು ಕೊನೆಯವರೆಗೂ ಮೇಷ್ಟ್ರೇ. ಕಾಲೇಜು ಓದುವಾಗ ಸೈಕಲ್ ಹೊಡೆದವಳು ಎಂಬ ಜಂಬದಲ್ಲಿ ನಾನು ಮುಂದೆ ಕೂತೆ. ಏಪ್ರಿಲ್ ಮಳೆಗೆ ನೆಂದ ಕೆಂಪು ಮಣ್ಣು. ಮೂರನೇ ತಿರುವಿನಲ್ಲಿ ಸೈಕಲ್ಲು, ನಾನು, ಅಕ್ಕ, ಮೂವರೂ ಪೊದೆಯೊಳಗೆ. ಮುಟಿಸೊ "ಪೋಲೆ, ಪೋಲೆ" ಎಂದು ಮರುಗುತ್ತಾ ಓಡಿ ಬಂದು ಮೊದಲು ಎತ್ತಿದ್ದು ಸೈಕಲ್ಲನ್ನು.

ಅಕ್ಕ ಮೊಣಕಾಲಿನ ಕೆಸರು ಕೊಡವಿಕೊಂಡು ಎದ್ದಳು. "ಇಳಿ. ಹಿಂದೆ ಕೂತ್ಕೋ."

"ನಿಂಗೆ ಬ್ಯಾಲೆನ್ಸ್ ಬರತ್ತಾ ಅಕ್ಕಾ?"

"ಎರಡು ವರ್ಷ ಈ ಗಾಡಿ ಓಡಿಸಿದ್ದು ಯಾರು ಅಂದ್ಕೊಂಡೆ?"

ಆಗ ಹೇಳಿದಳು, ಭಾವಾ. ಜೋಡಿ ಸೈಕಲ್ಲಿನಲ್ಲಿ ಎರಡೂ ಪೆಡಲಿಗೆ ಚೈನಿನ ಸಂಬಂಧ ಒಂದೇ. ಒಬ್ಬರು ತುಳಿದರೆ ಇನ್ನೊಬ್ಬರ ಕಾಲೂ ತಾನಾಗಿ ಸುತ್ತುತ್ತದೆ. ನಿಮ್ಮ ಎದೆಯ ಪರೀಕ್ಷೆ ಮಾಡಿದ ಡಾಕ್ಟರು ಅವಳನ್ನು ಬೇರೆ ಕರೆದು, ಹೃದಯಕ್ಕೆ ಆಯಾಸ ಕೂಡದು ಎಂದು ಎಚ್ಚರಿಸಿದ್ದರಂತೆ. ಸೈಕಲ್ ಬಿಡಿ ಎಂದರೆ ನೀವು ಬಿಡುವವರೇ? ಅಂದಿನಿಂದ ಅವಳು ಹಿಂದೆ ಕೂತು, ಉಸಿರು ಬಿಗಿಹಿಡಿದು, ಸದ್ದಾಗದ ಹಾಗೆ ಇಬ್ಬರ ಪಾಲನ್ನೂ ತುಳಿದಳು.

"ಅವ್ರಿಗೆ ಗೊತ್ತೇ ಆಗಲಿಲ್ಲ ಕಣೇ," ಎಂದಳು. "ಕಾಲು ಸುತ್ತುತಿತ್ತಲ್ಲ, ತಾನೇ ತುಳೀತಿದೀನಿ ಅಂದ್ಕೊಂಡಿದ್ರು. ಮೂಟೆ ಅಂತ ನಗೋರು. ನಗ್ಲಿ ಬಿಡು ಅಂತ ನಾನೂ ಸುಮ್ನಿದ್ದೆ."

ತುಳಿತಕ್ಕೆ ಒಳಗಾದ ಹೆಂಗಸರ ಬಗ್ಗೆ ಕಾಲೇಜಿನಲ್ಲಿ ಎಷ್ಟು ಪಾಠ ಮಾಡಿದ್ದೇನೆ! ಗಂಡನ ಪಾಲಿನ ತುಳಿತವನ್ನೂ ತಾನೇ ತುಳಿದವಳನ್ನು ಮನೆಯಲ್ಲೇ ಇಟ್ಟುಕೊಂಡು... ಇದಕ್ಕೂ ಅಕ್ಕ ನಗಲಿಲ್ಲ. ನೀವೀಗ ನಗುತ್ತಿದ್ದೀರೋ, ನಾಚಿಕೊಂಡಿದ್ದೀರೋ? ಸೌತ್ ಬಿಯಿಂದ ಕಿಲಿಮಾನಿವರೆಗೆ ಎಲ್ಲರ ಊಟದ ಮೇಜಿಗೂ ನೀವು ಹಂಚಿದ ಆ ಲಗೇಜಿನ ಜೋಕನ್ನು ನಾನು ಒಬ್ಬೊಬ್ಬರ ಮನೆಗೂ ಹೋಗಿ ವಾಪಸ್ ಇಸಿದುಕೊಳ್ಳುತ್ತಿದ್ದೇನೆ. ಬೇಜಾರು ಮಾಡಿಕೊಂಡರೂ ಸರಿ.

ಬಾವಲಿಗಳು ಎದ್ದಿವೆಯಂತೆ. ಸುರಂಗದ ಬೀಗ ತೆಗೆದಿದ್ದಾರೆ ಎಂದು ಸ್ಟೇಷನ್ ಮನೆಯ ಹೆಂಗಸು ತಿಳಿಸಿದ್ದಾಳೆ, ಬಾಡಿಗೆಗೆ ಜೋಡಿ ಸೈಕಲ್ಲನ್ನೂ ಗೊತ್ತುಮಾಡಿದ್ದಾಳೆ. ಮುಂದಿನ ತಿಂಗಳು ಹೊರಡುತ್ತೇವೆ. ಅಕ್ಕ ಚಟ್ನಿಪುಡಿ ಕಟ್ಟಿಯಾಯಿತು, ಕಾಫಿಗೆ ಒಂದು ಸ್ಟೀಲ್ ಲೋಟವನ್ನೂ ಸೇರಿಸಿದ್ದಾಳೆ. ಅನು ಏರ್‌ಪೋರ್ಟಿಗೆ ಬಿಡುತ್ತಾಳೆ. ಮುಖ ಇನ್ನೂ ಊದಿದೆ, ಆದರೆ ಎರಡು ಹೆಲ್ಮೆಟ್ಟು ತಂದುಕೊಟ್ಟಿದ್ದಾಳೆ. ಲಲಿತಮ್ಮನವರು ಫೋನು ಎತ್ತುತ್ತಿಲ್ಲ. ಎತ್ತದಿರಲಿ.

ಬೆಟ್ಟ ನಮ್ಮ ತಲೆಯ ಮೇಲಿರುತ್ತದೆ, ನಾವು ಅದರ ಕೆಳಗೆ ಹೋಗುತ್ತೇವೆ. ಸುರಂಗದ ನಡುವಿನಲ್ಲಿ ಅಕ್ಕ ಬೆಲ್ಲು ಹೊಡೆಯುತ್ತಾಳಂತೆ, ನಿಮಗೆ ಕೇಳಲಿ ಎಂದು. ಬಾವಲಿಗಳು ಬೈದುಕೊಂಡರೆ ಬೈದುಕೊಳ್ಳಲಿ. ಮುಂದಿನ ಸೀಟಿನಲ್ಲಿ ಅವಳೇ, ಹಿಂದೆ ನಾನು. ನನ್ನ ಪೆಡಲು ತಾನಾಗಿಯೇ ಸುತ್ತುತ್ತಿರುತ್ತದೆ, ಮೋಸ ಮಾಡಿದರೆ ಯಾರಿಗೂ ತಿಳಿಯುವುದಿಲ್ಲ. ಆದರೂ ನಿಮಗೆ ಮಾತು ಕೊಡುತ್ತೇನೆ ಭಾವಾ, ಈ ಸಲ ಅವಳೊಬ್ಬಳೇ ತುಳಿಯುವುದಿಲ್ಲ.

ನಿಮ್ಮ ಲಗೇಜು,
ನಳಿನಿ