ಲ್ಯಾಬ್ ಎದ್ದ ದಿನ

ಭಾಂಡುಪ್, ಮುಂಬೈ
೧೯ ಆಗಸ್ಟ್ ೨೦೨೫

ಪ್ರೀತಿಯ ಯಜಮಾನರಿಗೆ,

ನಮಸ್ಕಾರ. ನಿಮ್ಮ ತಲೆಯ ಪೆಟ್ಟು ಮಾಯುವವರೆಗೆ ಪರದೆ ನೋಡಬಾರದು, ಕಾಗದವಾದರೆ ನಿಧಾನವಾಗಿ ಓದಬಹುದು ಎಂದು ಡಾಕ್ಟರು ಹೇಳಿದಾಗ ಪ್ರತಿ ವಾರ ಬರೆಯುತ್ತೇನೆ ಎಂದಿದ್ದೆ. ತಡವಾಯಿತು, ಸಿಟ್ಟಾಗಬೇಡಿ. ಚಂದ್ರವ್ವಕ್ಕ ನಿಮ್ಮನ್ನು ಧಾರವಾಡದ ಓಣಿಯಲ್ಲಿ ಕೈಹಿಡಿದು ನಡೆಸುತ್ತಿದ್ದಾರಂತೆ. ಕೇಳಿ ಜೀವಕ್ಕೆ ಸಮಾಧಾನವಾಯಿತು.

ಫೋನಿನಲ್ಲಿ ಅರ್ಧ ಹೇಳಿದ್ದನ್ನು ಪೂರ್ತಿ ಬರೆಯುತ್ತೇನೆ. ನೀವು ಕಟ್ಟಿದ ಆಸ್ಪತ್ರೆಯ ಸಾಫ್ಟ್‌ವೇರನ್ನು ಭಾನುವಾರ ಕುಬರ್ನೆಟಿಸ್ ಕ್ಲಸ್ಟರಿಗೆ, ಅಂದರೆ ಆ ಹೊಸ ಸರ್ವರುಗಳ ಗುಂಪಿಗೆ, ಏರಿಸಿದೆವು. ಪರೇಲ್ ಆಫೀಸಿನಲ್ಲಿ ನಿಮ್ಮ ಕುರ್ಚಿಯಲ್ಲಿ ನಾನೇ ಕೂತಿದ್ದೆ. ನೋಂದಣಿ, ಔಷಧಿ, ಹಾಸಿಗೆ ಹಂಚಿಕೆಯ ಭಾಗಗಳೆಲ್ಲ ಒಂದೊಂದಾಗಿ ಎದ್ದವು. ಲ್ಯಾಬ್ ಭಾಗ ಮಾತ್ರ ಏಳುವುದು, ಬೀಳುವುದು, ಮತ್ತೆ ಏಳುವುದು. ಹಳೆಯ ವ್ಯವಸ್ಥೆಯನ್ನು ಆಗಲೇ ನಿಲ್ಲಿಸಿಬಿಟ್ಟಿದ್ದೆವು.

ಅಷ್ಟರಲ್ಲಿ ಆಸ್ಪತ್ರೆಯಿಂದ ನರ್ಸ್ ಮೋಹಿನಿಯ ಫೋನು. "ಮೇಡಮ್, ಆಪರೇಷನ್ನಿಗೆ ಪೇಶೆಂಟನ್ನು ಮಲಗಿಸಿ ಆಗಿದೆ. ರಕ್ತದ ರಿಪೋರ್ಟೇ ಕಾಣ್ತಾ ಇಲ್ಲ. ಎಂತ ಮಾಡುದು?"

ನಮ್ಮ ಟೀಮ್ ಲೀಡರ್ ಅಕ್ಷಯ ಗೊತ್ತಲ್ಲ, ನಿಮ್ಮ ಹೆಸರು ಹಿಡಿದು ಅವನದು ಒಂದೇ ಮಾತು: "ಸೌಮ್ಯಾ, ಜಾನೇ ದೋ, ಬಿಟ್ಟುಬಿಡು. ಶರಣನ ಲ್ಯಾಬ್ ತೆಗೆದುಬಿಡುವ. ಅದು ಡೆಡ್ ಉಂಟು."

"ಸತ್ತಿಲ್ಲರಿ," ಅಂದೆ. "ಹಳೇ ರಿಪೋರ್ಟ್ ಎಲ್ಲಾ ಓದಿ ಏಳಬೇಕು ಅದು. ಓದಿ ಮುಗಿಸೋದ್ರಾಗ ಕ್ಲಸ್ಟರ್ ಅದನ್ನ ಕೊಲ್ಲಾಕತ್ತದ."

ಬದುಕಿದ್ದೀಯಾ ಎಂದು ಕ್ಲಸ್ಟರ್ ಆಗಾಗ ಲ್ಯಾಬನ್ನು ಕೇಳುತ್ತಿತ್ತು. ಉತ್ತರ ತಡವಾದರೆ ಸತ್ತಿತೆಂದು ಬಗೆದು ಹೊಸದಾಗಿ ಶುರುಮಾಡುತ್ತಿತ್ತು. ಕಾಯುವ ಸಮಯ ಹೆಚ್ಚಿಸಿ ಮತ್ತೆ ಏರಿಸಿದೆ. ಅಕ್ಷಯ ನನ್ನ ಬೆನ್ನ ಹಿಂದೆ ನಿಂತಿದ್ದ. ಪರದೆಯಲ್ಲಿ ಏನೂ ಅಲುಗಾಡಲಿಲ್ಲ. ನಾನು ಮನಸ್ಸಿನಲ್ಲೇ ಬಸವಣ್ಣನನ್ನು ನೆನೆದೆ. ಆಗ, "ಬಂತು ಮೇಡಮ್! ರಿಪೋರ್ಟ್ ಬಂತು!" ಎಂದು ಮೋಹಿನಿ ಫೋನಿನಲ್ಲೇ ಕೂಗಿದಳು.

ಆಪರೇಷನ್ ಚೆನ್ನಾಗಿ ಆಯಿತಂತೆ. "ಶರಣನಿಗೆ ಹೇಳಿ, ಅವನ ಲ್ಯಾಬ್ ಗಟ್ಟಿ ಉಂಟು," ಎಂದ ಅಕ್ಷಯ. ನಾನು ಹೋಗಿ ಮುಖ ತೊಳೆದುಕೊಂಡು ಬಂದೆ.

ಗುಳಿಗೆ ತಪ್ಪಿಸಬೇಡಿ. ನಿಮ್ಮ ಅಂಗಿಗಳನ್ನು ಇಸ್ತ್ರಿ ಮಾಡಿಟ್ಟಿದ್ದೇನೆ. ಅಕ್ಕನವರಿಗೆ ನಮಸ್ಕಾರ ತಿಳಿಸಿ. ದೇವರು ನಿಮ್ಮನ್ನು ಬೇಗ ಗುಣಮಾಡಲಿ.

ನಿಮ್ಮ
ಸೌಮ್ಯಾ

ತಾ.ಕ.: ಆ ಸಂಜೆ ನಾನು ಮಾಡಿದ ಫೋನಿನಲ್ಲಿ ಲ್ಯಾಬಿನ ಬಗ್ಗೆ ಎಲ್ಲವನ್ನೂ ಸರಿಯಾಗಿ ಕೇಳಿದಿರಿ, ಒಂದನ್ನೂ ಮರೆತಿರಲಿಲ್ಲ. ನನಗೆ ಹಿಗ್ಗೋ ಹಿಗ್ಗು. ಫೋನು ಇಡುವ ಮೊದಲು ಅಕ್ಕ, "ಯಾರ ಫೋನೋ?" ಎಂದದ್ದು ಕೇಳಿಸಿತು. "ಆಫೀಸಿನ ಮೇಡಮ್ ಯಾರೋ. ಭಾಳ ಚಲೋ ಮಂದಿ," ಎಂದಿರಿ.

ರೀ, ಅದು ನಾನು. ನಿಮ್ಮ ಹೆಂಡತಿ.