ಗಡಿ ದಾಟಿದ ರೈಫಲ್

ಆರ್ವೊ,

ನಿನ್ನ ರೈಫಲ್ ಮಾರಿಬಿಟ್ಟೆ. ನಿನಗೆ ಇದು ಹೊಸ ಸುದ್ದಿಯಲ್ಲ ಎಂದು ಈಗ ನನಗೆ ಗೊತ್ತು. ಆದರೂ ಹೆಂಡತಿಯಾದವಳು ತಾನೇ ಹೇಳಬೇಕಾದ ಮಾತಿದು. ಅದಕ್ಕೇ ಬರೆಯುತ್ತಿದ್ದೇನೆ.

ಆ ನವೆಂಬರಿನಲ್ಲಿ ಜಿಂಕೆ ಬೇಟೆಗೆಂದು ಹೋದ ನೀನು ಮರಳಲಿಲ್ಲ. ಊರಿನ ಗಂಡಸರೆಲ್ಲ ನಾಯಿಗಳನ್ನು ಹಿಡಿದುಕೊಂಡು ಕಾಡಿಗಿಳಿದರು. ದೇವದಾರು ಮರವೊಂದಕ್ಕೆ ನಿನ್ನ ರೈಫಲ್ ಒರಗಿ ನಿಂತಿತ್ತು. ರಾತ್ರಿಯಿಡೀ ಹಿಮ ಬಿದ್ದಿದ್ದರೂ ಅದರ ಮೇಲೆ ಒಂದು ಚೂರೂ ಇರಲಿಲ್ಲವಂತೆ. ನಿನ್ನ ಹೆಜ್ಜೆಗುರುತೂ ಹಿಮದಲ್ಲಿ ಮುಚ್ಚಿಹೋಗದೆ, ಮರದಿಂದ ಹೊರಟು ಬಯಲಿನ ನಡುವಿನವರೆಗೆ ಹೋಗಿ ಅಲ್ಲಿಗೆ ಮುಗಿದಿತ್ತು. ಬಿದ್ದ ಗುರುತಿಲ್ಲ, ಹಿಂದಿರುಗಿದ ಗುರುತಿಲ್ಲ. ನಾಯಿಗಳು ಆ ಜಾಗಕ್ಕೆ ಬಂದು ಕೂತುಬಿಟ್ಟವು. ಎಷ್ಟು ಎಳೆದರೂ ಏಳಲಿಲ್ಲ.

ನಮ್ಮ ಮಿಷಿಗನ್ನಿನ ಕಾನೂನು ಕಾಯಲು ಹೇಳಿದಷ್ಟು ವರ್ಷ ಕಾದೆ. ಕೊನೆಗೆ ಜಿಲ್ಲೆಯ ನ್ಯಾಯಾಧೀಶರು ನೀನು ಸತ್ತಿದ್ದೀಯ ಎಂದು ತೀರ್ಪು ಕೊಟ್ಟರು. ಕನ್ನಡಕ ತೆಗೆದು ಒರೆಸಿಕೊಂಡು, "ಇನ್ನು ಮುಂದೆ ಅವರ ವಸ್ತುಗಳೆಲ್ಲ ನಿಮ್ಮವು, ಶ್ರೀಮತಿ ಕಂಗಾಸ್" ಅಂದರು. ಆ ವಸ್ತುಗಳು ಒಪ್ಪುತ್ತವೆಯೋ ಇಲ್ಲವೋ ಅಂತ ಅವರೇನು ಕೇಳಲಿಲ್ಲ.

ಆಮೇಲೆಯೇ ಶುರುವಾದದ್ದು ಅದು. ಬೆಳಗಿನ ಜಾವ ಒಲೆ ಹಚ್ಚುತ್ತಿದ್ದಾಗ ನಿನ್ನ ರೈಫಲ್ ಇಟ್ಟಿದ್ದ ಮಲಗುವ ಕೋಣೆಯ ಬೀರು ತೆರೆದ ಸದ್ದು. ಹೋಗಿ ನೋಡಿದರೆ ಬಾಗಿಲು ಅರ್ಧ ತೆರೆದಿರುತ್ತಿತ್ತು, ಒಳಗಿನಿಂದ ಬಂದೂಕಿನ ಎಣ್ಣೆಯ ವಾಸನೆ. ನನಗೆ ಹೆದರಿಕೆಯಾಗಲಿಲ್ಲ. ಹೆದರಿಕೆಯಾಗುತ್ತಿಲ್ಲವಲ್ಲ ಎಂಬುದೇ ದಿನ ಕಳೆದಂತೆ ನನ್ನನ್ನು ಹೆದರಿಸಿತು. ಎರಡು ಲೋಟಕ್ಕೆ ಕಾಫಿ ಬಗ್ಗಿಸತೊಡಗಿದ್ದೆ. ಅಕ್ಕ ಹೆಲ್ಮಿ ಊಟಕ್ಕೆ ಕರೆದರೆ, "ಇಲ್ಲ, ಮನೆಯಲ್ಲಿ ಕಾಯುತ್ತಾ ಇರ್ತಾರೆ" ಅಂದುಬಿಟ್ಟೆ. "ಯಾರು ಕಾಯ್ತಾರೆ?" ಅಂದಳು ಅವಳು ಫೋನಿನಲ್ಲಿ.

ಮರುದಿನವೇ ರೈಫಲ್ಲನ್ನು ಮಾರಲೆಂದು ವೈನೊನ ಬಂದೂಕಿನ ಅಂಗಡಿಗೆ ಒಯ್ದೆ. ಅವನೀಗಲೂ ಮೀನು ಹಿಡಿಯುವ ಹುಳುಗಳ ಡಬ್ಬಿಗಳನ್ನೂ ತೋಟಾಗಳನ್ನೂ ಒಂದೇ ಕಪಾಟಿನಲ್ಲಿ ಇಟ್ಟುಕೊಂಡಿದ್ದಾನೆ. ನಳಿಗೆಯೊಳಗೆ ದೀಪ ಹಾಕಿ ನೋಡಿ ಹುಬ್ಬು ಗಂಟಿಕ್ಕಿದ.

"ಸಿಲ್ವಿ, ಇದಕ್ಕೆ ಎಣ್ಣೆ ಹಾಕಿ ಒರೆಸೋದು ಯಾರು?"

"ಯಾರೂ ಇಲ್ಲ."

"ಸುಳ್ಳಿಗೂ ಒಂದು ಲೆಕ್ಕ ಬೇಡವಾ? ಇಷ್ಟು ವರ್ಷ ಹಾಗೇ ಬಿಟ್ಟಿದ್ರೆ ತುಕ್ಕು ತಿಂದು ಜರಡಿ ಆಗಿರೋದು. ಇದು ಇವತ್ತು ಬೆಳಿಗ್ಗೆ ಒರೆಸಿಟ್ಟ ಹಾಗಿದೆ."

ವೈನೊ ಅದನ್ನು ಗಲ್ಲಾದ ಮೇಲೆ ಮೆಲ್ಲಗೆ ಮಲಗಿಸಿ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಪತ್ರಿಕೆಯಲ್ಲಿ ಹಾಕಿಸಿದ ಜಾಹೀರಾತು ನೋಡಿ ಫೋನು ಮಾಡಿದವನು ಡೆಲ್ಬರ್ಟ್ ಸ್ಟ್ರೋಯಿಕ್ ಅಂತ, ವಿಸ್ಕಾನ್ಸಿನ್ನಿನ ನಡುಭಾಗದವನು, ಆಲೂಗಡ್ಡೆ ಬೆಳೆಯುವವನು. ದನಿ ಒರಟು, ಮಾತು ಮೆತ್ತಗೆ.

"ಯಾರ ಕೈಯಲ್ಲಿತ್ತು ಮೇಡಂ ಅದು?"

"ನನ್ನ ಯಜಮಾನರ ಕೈಯಲ್ಲಿ."

"ಅವರಿಗೆ ಬೇಡವಾ ಈಗ?"

"ಅವರು ಈಗಿಲ್ಲ" ಅಂದೆ. ಆ ಮಾತನ್ನು ನನ್ನ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

ನಾನೇ ಕಾರಿನಲ್ಲಿ ಒಯ್ದು ಕೊಟ್ಟು ಬರುತ್ತೇನೆ ಅಂದಾಗ ವೈನೊ ನಕ್ಕುಬಿಟ್ಟ. "ಕೊಟ್ಟು ಬಾ. ಆಮೇಲೆ ಜೈಲಿಗೆ ಮೀನಿನ ಸಾರು ನಾನೇ ತಂದುಕೊಡ್ತೀನಿ. ಅವನು ಬೇರೆ ರಾಜ್ಯದವನು ಕಣೇ. ನೀನು ಕೈಯಿಂದ ಕೈಗೆ ಕೊಡೋ ಹಾಗಿಲ್ಲ. ನಾನು ಅವನೂರಿನ ಲೈಸೆನ್ಸ್ ಇರೋ ಅಂಗಡಿಗೆ ಕಳಿಸ್ತೀನಿ. ಅಲ್ಲಿ ಅವನ ಹಿಂದುಮುಂದು ಎಲ್ಲ ವಿಚಾರಿಸಿ, ಸರಿಯಿದ್ದರೆ ಅವರು ಕೊಡ್ತಾರೆ."

ಹಾಗೇ ಆಯಿತು. ಕಾನೂನಿಗೆ ಕೂದಲೆಳೆಯಷ್ಟೂ ಕೊರತೆ ಮಾಡಲಿಲ್ಲ ನಾವು. ವೈನೊ ರೈಫಲ್ಲನ್ನು ಪೆಟ್ಟಿಗೆಯಲ್ಲಿ ಹಾಕಿ ಕಳಿಸಿದ ದಿನ ನಾನು ಮನೆಯಲ್ಲಿ ಬಟ್ಟೆ ಮಡಿಸುತ್ತಿದ್ದೆ. ಬೀರುವಿನ ಬಾಗಿಲು ಪೂರ್ತಿ ತೆರೆದುಕೊಂಡಿತು. ಆಮೇಲೆ ಮುಂಬಾಗಿಲಿನ ಚಿಲಕ ಎದ್ದು ಬಿದ್ದ ಸದ್ದಾಯಿತು. ಅಂಗಳದ ಹಿಮ ಮಾತ್ರ ಹಾಸಿದ ಹಾಗೇ ಇತ್ತು. ಅವತ್ತಿನಿಂದ ಮನೆ ಬರೀ ಮನೆ, ಅಷ್ಟೆ.

ವಿಸ್ಕಾನ್ಸಿನ್ನಿನಲ್ಲಿ ಬೇಟೆಯ ಕಾಲ ಶುರುವಾದ ಮೇಲೆ ಡೆಲ್ಬರ್ಟ್ ಮತ್ತೆ ಫೋನು ಮಾಡಿದ.

"ಮೇಡಂ, ಒಂದು ಮಾತು ಕೇಳ್ತೀನಿ, ನಗಬಾರದು. ನಿಮ್ಮ ಯಜಮಾನರಿಗೆ ಎಡಗಾಲಲ್ಲಿ ಏನಾದ್ರೂ ಊನ ಇತ್ತಾ?"

ಗಣಿಯಲ್ಲಿ ಬಂಡೆ ಬಿದ್ದು ಜಜ್ಜಿಹೋದ ನಿನ್ನ ಪಾದದ ವಿಷಯ ಅವನಿಗೆ ಹೇಳಿದವರು ಯಾರೂ ಇಲ್ಲ.

"ಯಾಕೆ ಕೇಳ್ತೀರಿ?"

"ಇದನ್ನ ಹೆಗಲಿಗೆ ಹಾಕ್ಕೊಂಡು ಹೊರಟರೆ ಹಿಂದೆ ಯಾರೋ ಬರ್ತಾರೆ. ಒಂದು ಹೆಜ್ಜೆ ಗಟ್ಟಿ, ಇನ್ನೊಂದು ಎಳೆದ ಹಾಗೆ. ನಾನು ನಿಂತರೆ ಅವರೂ ನಿಲ್ತಾರೆ. ತಿರುಗಿದರೆ ಹಿಮದ ಮೇಲೆ ನನ್ನ ಹೆಜ್ಜೆ ಮಾತ್ರ. ಬೇಕಾದ್ರೆ ವಾಪಸ್ ಕಳಿಸ್ತೀನಿ ಮೇಡಂ. ಅದಕ್ಕೂ ಅಂಗಡಿಯಿಂದ ಅಂಗಡಿಗೇ ಹೋಗಬೇಕಂತೆ. ನಿಮ್ಮ ಯಜಮಾನರಿಗೆ ಮಾತ್ರ ಇಲ್ಲಿಗೆ ಬರೋಕೆ ಯಾವ ಅಂಗಡಿಯ ಅಪ್ಪಣೆಯೂ ಬೇಕಾಗಿರಲಿಲ್ಲ ನೋಡಿ."

ನಾನು ಕಾರು ತೆಗೆದುಕೊಂಡು ಹೊರಟೆ.

ಡೆಲ್ಬರ್ಟ್ ಅಗಲ ಭುಜದ ಮುದುಕ. ಅಡುಗೆಮನೆಯಲ್ಲಿ ನನಗೆ ಬಿಸಿ ಸೂಪು ಕೊಟ್ಟ. ತಾನೂ ತನ್ನ ತಮ್ಮನೂ ಬಾಲ್ಯದಿಂದ ಜೊತೆಯಾಗಿ ಬೇಟೆಯಾಡಿದವರು, ತಮ್ಮ ತೀರಿಹೋದ ಮೇಲೆ ಕಾಡಿಗೆ ಕಾಲಿಡಲು ಮನಸ್ಸೇ ಆಗಿರಲಿಲ್ಲ ಎಂದ. ಆಮೇಲೆ ರೈಫಲ್ ಹೆಗಲಿಗೇರಿಸಿ ಮುಂದೆ ನಡೆದ. ನಾನು ಸ್ವಲ್ಪ ದೂರ ಬಿಟ್ಟು ಹಿಂದೆ ಹೊರಟೆ. ನಡುಮಧ್ಯಾಹ್ನ, ಗಾಳಿಯಿಲ್ಲ, ಹಿಮದ ಮೇಲೆ ಬಿಸಿಲು ಕಣ್ಣು ಕುಕ್ಕುತ್ತಿತ್ತು.

ನೀನು ನಮ್ಮಿಬ್ಬರ ನಡುವೆ ನಡೆಯುತ್ತಿದ್ದೆ.

ಆ ನಡಿಗೆಯನ್ನು ನಾನು ಸಾವಿರ ಜನರ ನಡುವೆಯೂ ಗುರುತಿಸುತ್ತೇನೆ, ಆರ್ವೊ. ಎದುರಿಗೆ ಕಾಣುತ್ತಿದ್ದದ್ದು ಡೆಲ್ಬರ್ಟನ ಬೆನ್ನು ಮಾತ್ರ. ಕೈ ಚಾಚಿದರೆ ನಿನ್ನ ಕೋಟು ಸಿಗುತ್ತದೆ ಅನ್ನಿಸಿತು. ಚಾಚಿದೆ. ಅಲ್ಲಿನ ಗಾಳಿ ನೆಲಮಾಳಿಗೆಯ ಗಾಳಿಯಂತೆ ತಣ್ಣಗಿತ್ತು. ನಾನು ನಿಂತೆ.

"ಆರ್ವೊ, ಸಾಕು. ಬಾ, ಮನೆಗೆ ಹೋಗೋಣ" ಅಂದೆ.

ಹೆಜ್ಜೆ ನಿಂತಿತು. ಡೆಲ್ಬರ್ಟ್ ಕೇಳಿಸಿಕೊಂಡಿರಬೇಕು, ಆದರೂ ತಿರುಗದೆ ಮೆಲ್ಲಗೆ ಮುಂದೆ ಹೋದ. ನಾನು ಬಂದ ದಾರಿಗೆ ತಿರುಗಿ ನಡೆಯತೊಡಗಿದೆ. ಕಿವಿಯೆಲ್ಲ ಹಿಂದಕ್ಕೇ ಇತ್ತು. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಒಂದು ಗಟ್ಟಿ ಹೆಜ್ಜೆ, ಒಂದು ಎಳೆದ ಹೆಜ್ಜೆ, ಮತ್ತೆ ಒಂದು ಗಟ್ಟಿ ಹೆಜ್ಜೆ. ಅವು ದೂರ ಹೋಗುತ್ತಿದ್ದವು. ಮರಗಳ ನಡುವೆ, ಅವನ ಹಿಂದೆ.

ಕಾರಿನಲ್ಲಿ ಕೂತು ಅತ್ತೆ. ಹೊಟ್ಟೆಕಿಚ್ಚಿನಿಂದಲೂ ಅತ್ತೆ, ಅದನ್ನು ಯಾಕೆ ಮುಚ್ಚಿಡಲಿ. ಇಷ್ಟು ದಿನ ಬೀರುವಿನಲ್ಲಿ ನೀನು ನನಗಾಗಿ ಇದ್ದೀಯ ಎಂದುಕೊಂಡಿದ್ದೆ. ನೀನೋ, ಜೊತೆಗೆ ಕಾಡಿಗೆ ಹೊರಡಲು ಯಾರಾದರೂ ಬರಲಿ ಎಂದು ಕಾಯುತ್ತಿದ್ದೆ.

ಡೆಲ್ಬರ್ಟ್ ಹಿಂದಿರುಗಿ ಬಂದು ಕಿಟಕಿಯ ಬಳಿ ಟೊಪ್ಪಿಗೆ ತೆಗೆದು ನಿಂತ.

"ರೈಫಲ್ ವಾಪಸ್ ಕಳಿಸಲಾ ಮೇಡಂ?"

"ಬೇಡ. ನಿಮಗೆ ತೊಂದರೆಯಾದರೆ ಹೇಳಿ."

ಅವನು ಕಾಡಿನ ಕಡೆ ನೋಡಿದ. "ಜಿಂಕೆ ಒಂದೂ ಹತ್ತಿರ ಬರಲ್ಲ, ಅದೊಂದೇ. ಆದ್ರೂ ದಿನಾ ಹೋಗೋಣ ಅನ್ನಿಸುತ್ತೆ."

ಹೆಲ್ಮಿಯ ಮನೆಯ ಹಿಂದಿನ ಕೋಣೆಗೆ ಬರುವ ವಾರ ಹೋಗುತ್ತಿದ್ದೇನೆ. ನಮ್ಮ ಮನೆಯನ್ನು ಶಾಲೆಯ ಮೇಷ್ಟರೊಬ್ಬರಿಗೆ ಬಾಡಿಗೆಗೆ ಕೊಟ್ಟಿದ್ದೇನೆ. ಹುಡುಕಿಕೊಂಡು ಬರಬೇಡ, ಬಂದರೆ ಆ ಬಡಪಾಯಿ ಹೆದರಿಯಾನು. ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ಆ ಕಾಡಿನಲ್ಲಿ ನಾನು ಕರೆದಾಗ, ಬರದಿದ್ದರೂ, ನೀನು ನಿಂತೆ. ನಾನು ತಿರುಗಿ ಒಂದಷ್ಟು ಹೆಜ್ಜೆ ನಡೆಯುವವರೆಗೂ ನಿಂತೇ ಇದ್ದೆ. ಅದು ನನಗೆ ಸಾಕು.

ನಿನ್ನ ದಾರಿಯಲ್ಲಿ ಹಿಮ ಮೆತ್ತಗಿರಲಿ. ಆ ಮುದುಕನ ಕಾಲು ಜಾರದ ಹಾಗೆ ನೋಡಿಕೋ.

ನಿನ್ನ ಹೆಂಡತಿಯಾಗಿದ್ದ,
ಸಿಲ್ವಿ